ಕಂಪೌಂಡರ್ ಮಾನಪ್ಪನ ಮನೆಗೆ ಜ್ವರ ಬಂದದ್ದು

ಝಳಕಿಯ ಮಾನಪ್ಪ ಮೂವತ್ತೊಂದು ವರ್ಷ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿ ದುಡಿದು ನಿವೃತ್ತನಾದ ಮೇಲೆ ಮಾಡಿದ ಮೊದಲ ಕೆಲಸ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ ಕೆಡವಿದ್ದು. ಎರಡನೆಯ ಕೆಲಸ, ಅದೇ ಜಾಗದಲ್ಲಿ ಸಿಮೆಂಟಿನ ಸ್ಲ್ಯಾಬ್ ಹಾಕಿಸಿ ಹೊಸ ಮನೆ ಕಟ್ಟಿಸಿದ್ದು. ಪಶ್ಚಾತ್ತಾಪ ಪಡುವ ಕೆಲಸ ಮಾತ್ರ ಮಾರ್ಚ್ ತಿಂಗಳು ಬರುವವರೆಗೆ ಶುರುವಾಗಿರಲಿಲ್ಲ.

ಮನೆ ನೋಡಲು ಚೆಂದವೇ ಇತ್ತು. ಗುಲಾಬಿ ಬಣ್ಣ, ಮುಖ ಕಾಣುವಷ್ಟು ಹೊಳೆಯುವ ನೆಲ, ಮೇಲಿನ ತಾರಸಿ ಮಾಳಿಗೆಗೆ ಹೋಗಲು ಹೊರಗಿನಿಂದ ಅಗಲವಾದ ಮೆಟ್ಟಿಲು, ಅಂದರೆ ಪಾವಟಿಗೆಗಳು. ಈ ಪಾವಟಿಗೆಗಳ ಬಗ್ಗೆ ಮಾನಪ್ಪನಿಗೆ ವಿಶೇಷ ಅಭಿಮಾನ. ಎಮ್ಮೆಗಳ ಒದೆ ತಿಂದೂ ತಿಂದೂ ಅವನ ಬಲಗಾಲಿನ ಮೊಣಕಾಲು ಸರಿಯಾಗಿ ಮಡಚುತ್ತಿರಲಿಲ್ಲ. ಅದಕ್ಕೇ ಮನೆ ಕಟ್ಟಿದ, ಇಂಡಿ ಪಟ್ಟಣದ ಗೌಂಡಿ ಶಾನವಾಜನ ಬೆನ್ನು ಹತ್ತಿ, ಒಂದೊಂದು ಪಾವಟಿಗೆಯನ್ನೂ ಗಿಡ್ಡಗೆ, ಎರಡು ಕಾಲು ಊರಿ ನಿಲ್ಲುವಷ್ಟು ಅಗಲವಾಗಿ ಮಾಡಿಸಿದ್ದ.

"ಸಾಹೇಬ್ರ, ಇಷ್ಟ ಸಲೀಸ ಮಾಡಿದ್ರ ದನಾನೂ ಹತ್ತತಾವ ನೋಡ್ರಿ," ಎಂದು ಶಾನವಾಜ ಅಂದಿದ್ದ. ಇಬ್ಬರೂ ನಕ್ಕಿದ್ದರು.

ಹಿತ್ತಲಿನ ಎಮ್ಮೆ ಕೊಟ್ಟಿಗೆಯೊಂದು ಮಾತ್ರ ಹಳೆಯದಾಗಿ ಉಳಿದಿತ್ತು. ಮನೆ ಕೆಡವುವ ಹೊತ್ತಿಗೆ ಚಂದ್ರಿ ಗಬ್ಬವಾಗಿದ್ದಳು. ಚಂದ್ರಿ ಎಂದರೆ ಅವರ ಪಂಢರಪುರಿ ಎಮ್ಮೆ. ಬೆನ್ನಿನವರೆಗೆ ಚಾಚಿದ ಕತ್ತಿಯಂಥ ಕೊಂಬು, ಯಾರನ್ನೂ ಲೆಕ್ಕಕ್ಕೆ ಇಡದ ಕಣ್ಣು. ಬಸುರಿಯ ತಲೆಯ ಮೇಲಿನ ಸೂರು ತೆಗೆಯಬಾರದು ಎಂದು ಮಾನಪ್ಪನ ಹೆಂಡತಿ ಶೆಟ್ಟೆವ್ವ ಹಟ ಹಿಡಿದಳು. ಹಾಗಾಗಿ ಕೊಟ್ಟಿಗೆಯ ದಪ್ಪ ಮಣ್ಣಿನ ಗೋಡೆ, ಮೇಲಿನ ಮಣ್ಣಿನ ಮಾಳಿಗೆ ಹಾಗೇ ಉಳಿದವು. ಚಂದ್ರಿ ಅಲ್ಲೇ ಕರು ಹಾಕಿದಳು.

ಏಪ್ರಿಲ್ ಎರಡನೇ ವಾರ ಶೆಟ್ಟೆವ್ವ ಮನೆ ಬಿಟ್ಟಳು.

ದೂರವೇನೂ ಹೋಗಲಿಲ್ಲ. ಹೊರಸು, ತಲೆದಿಂಬು, ನೀರಿನ ಚರಿಗೆ, ಮೊಬೈಲಿನ ಚಾರ್ಜರು ಎತ್ತಿಕೊಂಡು ಹಿತ್ತಲಿಗೆ ನಡೆದು, ಚಂದ್ರಿ ಮೇವು ತಿನ್ನುವ ಗ್ವಾದಲಿಯ ಪಕ್ಕಕ್ಕೆ ಹೊರಸು ಹಾಕಿಕೊಂಡು ಅಡ್ಡಾದಳು. ಮಾನಪ್ಪ ಬಾಗಿಲಲ್ಲಿ ಬಂದು ನಿಂತ.

"ಇದೇನ ಇದು?"

"ಇಲ್ಲಿ ತಂಪೈತ್ರಿ."

"ಅಷ್ಟ ದೊಡ್ಡ ಹಾಲ್ ಕಟ್ಟಿಸೀನಿ. ಮ್ಯಾಲ ಫ್ಯಾನ್ ಐತಿ, ಮೂಲ್ಯಾಗ ಕೂಲರ್ ಐತಿ. ಅದನ್ನ ಬಿಟ್ಟ ಎಮ್ಮಿ ಜೋಡಿ ಮಲ್ಕೊಳ್ತಿಯೇನ?"

"ಫ್ಯಾನ್ ಹಚ್ಚಿದ್ರ ಮ್ಯಾಲಿನ ಬಿಸಿ ಗಾಳಿ ಕೆಳಗ ಬರ್ತೈತಿ. ಕೂಲರ್ ಹಚ್ಚಿದ್ರ ಮೈಯೆಲ್ಲಾ ಅಂಟ ಅಂಟ. ಮತ್ತ ಇನ್ನೊಂದ ಏನಂದ್ರ," ಶೆಟ್ಟೆವ್ವ ಮಗ್ಗುಲು ಬದಲಿಸಿದಳು, "ಎಮ್ಮಿ ಗೊರಕಿ ಹೊಡಿಯೂದಿಲ್ಲ."

ಆವತ್ತಿನಿಂದ ಬೆಳಿಗ್ಗೆ ಹತ್ತಕ್ಕೆ ಕೊಟ್ಟಿಗೆ ಸೇರಿದರೆ ಸಂಜೆ ಆರಕ್ಕೇ ಅವಳು ಈಚೆ ಬರುತ್ತಿದ್ದುದು. ಮೂರನೇ ದಿನ ಪಕ್ಕದ ಮನೆಯ ಹುಲಿಗೆವ್ವ ಕೌದಿ ಹೊಲಿಯುವ ನೆಪದಲ್ಲಿ ಬಂದು ಸೇರಿದಳು. ಅವಳ ಹಿಂದೆ ಅವಳ ಸೊಸೆ ಬಂದಳು. ವಾರದೊಳಗೆ ಓಣಿಯ ಆರೇಳು ಹೆಂಗಸರು ಚಂದ್ರಿಯ ಸುತ್ತ ಚಾಪೆ ಹಾಸಿಕೊಂಡು ಶ್ಯಾವಿಗೆ ಹೊಸೆಯುತ್ತ, ಹರಟುತ್ತ, ನಡುನಡುವೆ ಎಮ್ಮೆಯ ಬಾಲದ ಏಟು ತಿನ್ನುತ್ತ ಹಾಯಾಗಿದ್ದರು. ದಾರಿಯಲ್ಲಿ ಹೋಗುವ ಯಾರಾದರೂ ಮಾನಪ್ಪನನ್ನು ಕಂಡು, "ಶೆಟ್ಟೆವ್ವಕ್ಕ ಮನ್ಯಾಗ ಅದಾಳೇನ್ರಿ?" ಎಂದು ಕೇಳುವರು. "ಇಲ್ಲ, ಕೊಟ್ಟಿಗ್ಯಾಗ," ಎಂದು ಹೇಳುವಾಗ ಅವನ ಕಿವಿ ಕೆಂಪಾಗುತ್ತಿತ್ತು.

ಮಾನಪ್ಪನಿಗೆ ಗೊತ್ತಿದ್ದ ವಿದ್ಯೆ ಒಂದೇ. ಯಾವುದಕ್ಕಾದರೂ ಆರಾಮಿಲ್ಲ ಎಂದರೆ ಮೊದಲು ಜ್ವರ ನೋಡಬೇಕು. ಅವನ ಹತ್ತಿರ ದನಗಳ ಥರ್ಮಾಮೀಟರ್ ಇತ್ತು. ದಪ್ಪ ಗಾಜಿನ ನಳಿಗೆ, ಅದರ ತುದಿಗೆ ದಾರ, ದಾರದ ತುದಿಗೆ ಬಾಲದ ಕೂದಲಿಗೆ ಸಿಕ್ಕಿಸುವ ಚಿಮಟಿಗೆ. ಒಂದು ಮಧ್ಯಾಹ್ನ ಅದನ್ನು ಪಾದರಸ ಇಳಿಯುವಂತೆ ಝಾಡಿಸಿ, ಹಾಲ್‌ನ ಗೋಡೆಯ ಮೊಳೆಗೆ ಸಿಕ್ಕಿಸಿ, ಕೈಗಡಿಯಾರ ನೋಡುತ್ತ ನಿಂತ. ಐದು ನಿಮಿಷಕ್ಕೆ ಪಾದರಸ ನೂರಾ ಎಂಟಕ್ಕೆ ಏರಿತು. ಆಕಳಾಗಿದ್ದರೆ ಸಲಾಯಿನ್ ಹಚ್ಚಿ, ಮಾಲೀಕನಿಗೆ ಧೈರ್ಯ ಹೇಳಬೇಕಾದ ಜ್ವರ.

ಅಡಿಗೆ ಮನೆಯದನ್ನೂ ನೋಡೋಣವೆಂದು ಹೊರಟರೆ, ಉಪ್ಪಿನ ಡಬ್ಬಿ ಒಯ್ಯಲು ಬಂದಿದ್ದ ಶೆಟ್ಟೆವ್ವ ಬಾಗಿಲಿಗೆ ಅಡ್ಡ ನಿಂತಳು.

"ಅದನ್ನ ಎಲ್ಲೆಲ್ಲಿ ಇಟ್ಟ ಬಂದೀರಿ ಅನ್ನೂದು ಇಡೀ ತಾಲೂಕಿಗೆ ಗೊತ್ತೈತಿ. ಅಡಗಿ ಮನ್ಯಾಗ ತಂದ್ರ ನಾ ಒಲಿ ಹಚ್ಚೂದಿಲ್ಲ."

"ತೊಳದೇನಿ ಬಿಡ."

"ಮೂವತ್ತೊಂದ ವರ್ಷದ್ದು ಒಂದ ಸಲ ತೊಳದ್ರ ಹೋಗತೈತೇನ್ರಿ?"

ಅಡಿಗೆ ಮನೆ ಕೈಬಿಟ್ಟು ಕೊಟ್ಟಿಗೆಗೆ ಹೋದ. ಥರ್ಮಾಮೀಟರ್ ಕಂಡದ್ದೇ ಚಂದ್ರಿ ಹಳೇ ನೆನಪಿನಿಂದ ಹಿಂಗಾಲು ಎತ್ತಿದಳು. ಅವಳಿಗಲ್ಲ, ಕಂಬಕ್ಕೆ ಎಂದು ಸಮಾಧಾನ ಹೇಳಿ ಸಿಕ್ಕಿಸಿದ. ತೊಂಬತ್ತಾರು. ಹೊಸ ಮನೆಗೂ ಎಮ್ಮೆ ಕೊಟ್ಟಿಗೆಗೂ ಹನ್ನೆರಡು ಡಿಗ್ರಿ ಫರಕು! ಮಾನಪ್ಪ ಅಲ್ಲೇ ಗ್ವಾದಲಿಯ ಕಟ್ಟೆಗೆ ಕುಕ್ಕರಿಸಿದ. ಹೆಂಗಸರು ಶ್ಯಾವಿಗೆ ಹೊಸೆಯುವುದು ನಿಲ್ಲಿಸಿ ಅವನನ್ನೇ ನೋಡಿದರು.

"ಪೇಷಂಟ್ ಹ್ಯಾಂಗ ಅದಾನ್ರಿ?" ಎಂದು ಹುಲಿಗೆವ್ವ ಕೇಳಿದಳು.

"ಸೀರಿಯಸ್ ಐತಿ," ಎಂದು ಮಾನಪ್ಪ ಎದ್ದು ಹೋದ.

ಮೊದಲ ಔಷಧಿ ನೀರು. ಜ್ವರ ಬಂದ ದನದ ಮೈಮೇಲೆ ನೀರು ಸುರಿಯುವುದಿಲ್ಲವೇ, ಹಾಗೆ. ಮಧ್ಯಾಹ್ನ ಮೂರಕ್ಕೆ ಪೈಪು ಹಿಡಿದು ಮಾಳಿಗೆಯ ಮೇಲೆ ನೀರು ಬಿಟ್ಟ. ಸ್ಲ್ಯಾಬು ಒಗ್ಗರಣೆ ಹಾಕಿದಂತೆ ಚುಂಯ್ ಎಂದಿತು, ಉಗಿ ಎದ್ದಿತು, ಕಿಟಕಿಯಿಂದ ಆ ಉಗಿ ಒಳಗೆ ನುಗ್ಗಿತು. ಒಂದು ತಾಸು ಬಿಟ್ಟು ಹಾಲ್‌ಗೆ ಬಂದು ಕೂತರೆ ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಕೂತಂತೆ ಇತ್ತು. ಗೋಡೆಯ ಕ್ಯಾಲೆಂಡರು ಮೆತ್ತಗಾಗಿ, ಮೊಳೆಯಿಂದ ಕಳಚಿ, ನೆಲಕ್ಕೆ ಬಿತ್ತು.

ಎರಡನೆಯ ಔಷಧಿ ತತ್ತಿಯ ಟ್ರೇ. ತತ್ತಿ ಇಡುವ ರಟ್ಟಿನ ಟ್ರೇಗಳನ್ನು ಸೀಲಿಂಗಿಗೆ ಅಂಟಿಸಿದರೆ ಬಿಸಿಲು ಇಳಿಯುವುದಿಲ್ಲ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಝಳಕಿ ಹೈವೇದ ಪಕ್ಕದ ಕೋಳಿ ಫಾರ್ಮಿನಿಂದ ನೂರಿಪ್ಪತ್ತು ಟ್ರೇ ತಂದ. ಮೈದಾ ಹಿಟ್ಟಿನ ಗಂಜಿ ಕಾಸಿ, ಸ್ಟೂಲಿನ ಮೇಲೆ ನಿಂತು, ಎರಡು ದಿನ ಕತ್ತು ಮೇಲೆ ಮಾಡಿಕೊಂಡೇ ಅಂಟಿಸಿದ. ಮೂರನೇ ದಿನ ಕತ್ತು ಕೆಳಗೆ ಬರಲಿಲ್ಲ. ಊಟಕ್ಕೆ ಕೂತಾಗಲೂ ಮೇಲೆಯೇ ನೋಡುತ್ತಿದ್ದುದರಿಂದ ಮೊದಲ ಟ್ರೇ ಕಳಚಿ ಬೀಳುವುದನ್ನು ಅವನೇ ಕಣ್ಣಾರೆ ಕಂಡ. ಅದು ನೇರವಾಗಿ ಬೇಳೆ ಸಾರಿನ ಬೋಗುಣಿಗೆ ಬಿತ್ತು. ಆಮೇಲೆ ಒಂದರ ಹಿಂದೆ ಒಂದು ಉದುರತೊಡಗಿದವು. ಗಂಜಿಯ ರುಚಿ ಹತ್ತಿದ ಜಿರಳೆಗಳು ಅವುಗಳ ಜೊತೆಗೇ ಇಳಿದವು.

ಇನ್ನೊಂದು ಪಕ್ಕದ ಮನೆಯ ಬಸಂತರಾಯ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದ. ಇಂಡಿಯ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ಈ ಬಸಂತರಾಯನ ಮನೆಯಲ್ಲಿ ಎ.ಸಿ. ಇತ್ತು. ಎ.ಸಿ. ಇರುವುದು ಊರಿಗೆ ಗೊತ್ತಾಗಲಿ ಎಂದು ಅವನು ಏಪ್ರಿಲ್ ಬಿಸಿಲಿನಲ್ಲಿ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಹೊರಗೆ ಬರುತ್ತಿದ್ದ.

"ಮಾನಪ್ಪಣ್ಣ, ಕೋಳಿ ಯಾವತ್ತ ಬರ್ತಾವೋ?" ಎಂದ.

"ಯಾವ ಕೋಳಿ?"

"ಟ್ರೇ ಹಚ್ಚಿ ರೆಡಿ ಮಾಡಿಯಲ್ಲ, ತತ್ತಿ ಇಡಾಕ ಬರಬೇಕಲ್ಲ."

ಮಾನಪ್ಪ ಕತ್ತು ಮೇಲೆ ಮಾಡಿಕೊಂಡೇ ಒಳಗೆ ಹೋದ.

ಮೂರನೆಯ ಔಷಧಿ ಮಾತ್ರ ಅವನ ಸ್ವಂತ ತಲೆಯಿಂದ ಬಂದದ್ದು. ದನಕ್ಕೆ ಬಿಸಿಲು ತಾಗದಂತೆ ಚಪ್ಪರದ ಮೇಲೆ ಜೋಳದ ಒಣದಂಟಿನ ಕಣಿಕೆ ಹೊದಿಸುತ್ತಾರೆ. ಮನೆಗೂ ಹೊದಿಸಿದರೇನು? ಆ ವರ್ಷ ಬಿಳಿಜೋಳ ಚೆನ್ನಾಗಿ ಬಂದಿತ್ತು, ಬಣವೆಯ ತುಂಬ ಕಣಿಕೆ ಇತ್ತು. ಇಡೀ ದಿನ ಹೊತ್ತು ಮಾಳಿಗೆಯ ಮೇಲೆ ಮೊಳಕಾಲೆತ್ತರ ಹಾಸಿದ. ಮರುದಿನ ಜ್ವರ ನೋಡಿದರೆ ನೂರಾ ನಾಲ್ಕು! ಮಾನಪ್ಪನಿಗೆ ಕುಣಿಯಬೇಕೆನಿಸಿತು. ಮೊಣಕಾಲು ನೆನಪಾಗಿ ಸುಮ್ಮನಾದ. ಇನ್ನೆರಡು ದಿನದಲ್ಲಿ ಶೆಟ್ಟೆವ್ವ ಹೊರಸು ಎತ್ತಿಕೊಂಡು ತಾನೇ ಬರುತ್ತಾಳೆ ಎಂದುಕೊಂಡು ನೆಮ್ಮದಿಯಿಂದ ಝಳಕಿ ಸ್ಟ್ಯಾಂಡಿಗೆ ಚಹಾ ಕುಡಿಯಲು ಹೋದ.

ಅವನು ಚಹಾ ಕುಡಿಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಹೆಂಗಸರಿಗೆಲ್ಲ ಜೊಂಪು ಹತ್ತಿತ್ತು. ಎಚ್ಚರವಿದ್ದವಳು ಚಂದ್ರಿ ಒಬ್ಬಳೇ. ಗಾಳಿ ಮಾಳಿಗೆಯ ಕಡೆಯಿಂದ ಬೀಸುತ್ತಿತ್ತು, ಗಾಳಿಯ ತುಂಬ ಜೋಳದ ಕಣಿಕೆಯ ವಾಸನೆ. ಕೊರಳಿನ ಹಗ್ಗ ಸಡಿಲಾಗಿತ್ತೋ, ಗೂಟವೇ ಅಲುಗಾಡುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಮಲಗಿದವರ ನಡುವೆ ಒಬ್ಬರನ್ನೂ ತುಳಿಯದೆ ಅವಳು ಹೊರಗೆ ದಾಟಿದ್ದು ಹೇಗೆ ಎಂಬುದೂ ಇವತ್ತಿನವರೆಗೆ ತಿಳಿದಿಲ್ಲ.

ಶೆಟ್ಟೆವ್ವ ಕಣ್ಣು ಬಿಟ್ಟಾಗ ಗೂಟ ಖಾಲಿ.

"ಯವ್ವಾ, ನನ್ನ ಎಮ್ಮಿ!" ಎಂದು ಅವಳು ಎದ್ದದ್ದೇ ಓಣಿ ಎದ್ದಿತು. ಹುಲಿಗೆವ್ವ ಹಳ್ಳದ ಕಡೆ ಓಡಿದಳು, ಸೊಸೆ ಹೈವೇದ ಕಡೆ ಓಡಿದಳು. ಚಂದ್ರಿಯ ಸುಳಿವಿಲ್ಲ. ಆಗ ಮಫ್ಲರ್ ಸುತ್ತಿಕೊಂಡು ಮನೆಯಿಂದ ಹೊರಬಿದ್ದ ಬಸಂತರಾಯ ಸುಮ್ಮನೆ ಮೇಲೆ ನೋಡಿ, ಕಣ್ಣುಜ್ಜಿಕೊಂಡು, ಮತ್ತೊಮ್ಮೆ ನೋಡಿದ. ಮಾನಪ್ಪನ ಮನೆಯ ಮಾಳಿಗೆಯ ಗಿಡ್ಡ ಗೋಡೆಯ ಮೇಲೆ ಎರಡು ಉದ್ದ ಕೊಂಬುಗಳು ಮೆಲ್ಲಗೆ ಅತ್ತಿಂದಿತ್ತ ಚಲಿಸುತ್ತಿದ್ದವು.

ಮಾನಪ್ಪನಿಗೆ ಸ್ಟ್ಯಾಂಡಿನಲ್ಲಿ ಫೋನು ಬಂತು.

"ಮನಿಗೆ ಲಗೂನ ಬರ್ರಿ," ಶೆಟ್ಟೆವ್ವ ಅಂದಳು.

"ಯಾಕ, ಮನ್ಯಾಗ ಬಂದೇನ ನೀ? ತಂಪೈತಿಲ್ಲೋ?"

"ನಾ ಬಂದಿಲ್ಲ. ಚಂದ್ರಿ ಬಂದಾಳ. ಮ್ಯಾಲ ಅದಾಳ."

ಬಾವಿಗೆ ಬಿದ್ದ ಎಮ್ಮೆ ನೋಡಿದ್ದ ಮಾನಪ್ಪ. ಕಬ್ಬಿನ ಟ್ರ್ಯಾಕ್ಟರಿನ ಕೆಳಗೆ ಸಿಕ್ಕಿಕೊಂಡ ಆಕಳು ನೋಡಿದ್ದ. ಮಾಳಿಗೆ ಹತ್ತಿದ ಎಮ್ಮೆಯನ್ನು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅವನು ಮೇಲೆ ಹೋದಾಗ ಚಂದ್ರಿ ಮೊಳಕಾಲೆತ್ತರದ ಕಣಿಕೆಯ ನಡುವೆ ನಿಂತು, ಝಳಕಿ ಊರನ್ನು ಒಮ್ಮೆ, ಹೈವೇದಲ್ಲಿ ಹೋಗುವ ಲಾರಿಗಳನ್ನು ಒಮ್ಮೆ ನೋಡುತ್ತ ಮೆಲುಕು ಹಾಕುತ್ತಿದ್ದಳು. ಹಗ್ಗ ಹಿಡಿದು ಪಾವಟಿಗೆಯವರೆಗೆ ನಡೆಸಿಕೊಂಡು ಬಂದ. ಅಲ್ಲಿಯವರೆಗೆ ಬಂದಳು. ಕೆಳಗೆ ಇಣುಕಿ ನೋಡಿದಳು. ನಾಲ್ಕೂ ಕಾಲು ಊರಿ ನಿಂತುಬಿಟ್ಟಳು. ಮುಂದಿನಿಂದ ಎಳೆದರು, ಬರಲಿಲ್ಲ. ಹಿಂದಿನಿಂದ ನೂಕಿದರು, ನೂಕಿದವನ ಅಂಗಿಯ ಮೇಲೆ ಸಗಣಿ ಬಿತ್ತು.

ಅರ್ಧ ಗಂಟೆಯಲ್ಲಿ ಮನೆಯ ಮುಂದೆ ಊರು ನೆರೆಯಿತು. ಝಳಕಿಯಿಂದ ಚಡಚಣಕ್ಕೆ ಹೊರಟಿದ್ದ ಟೆಂಪೋ ಒಂದು ಸುದ್ದಿ ಕೇಳಿ ಸುತ್ತು ಹಾಕಿ ಬಂದು ನಿಂತಿತು, ಪ್ರಯಾಣಿಕರೆಲ್ಲ ಇಳಿದು ನೋಡಿದರು. ಸಲಹೆಗಳಿಗೇನೂ ಕೊರತೆ ಇರಲಿಲ್ಲ.

"ಸಕ್ರಿ ಫ್ಯಾಕ್ಟರ್ಯಾಗ ಕಬ್ಬ ಎತ್ತೋ ಕ್ರೇನ್ ಇರ್ತೈತಿ, ತರಸೂಣ," ಎಂದ ಬಸಂತರಾಯ.

"ಅದು ಕಬ್ಬ ಹಿಂಡಾಕ ಒಯ್ತೈತ್ರಿ!" ಎಂದು ಶೆಟ್ಟೆವ್ವ ಚೀರಿದಳು.

"ಹಸಿವಾದ್ರ ತಾನ ಇಳೀತಾಳ ಬಿಡ್ರಿ," ಎಂದ ಟೆಂಪೋದವನು.

"ಹಸಿವು ಹ್ಯಾಂಗ ಆಗಬೇಕೋ? ಊಟದ ಮ್ಯಾಲ ನಿಂತಾಳ," ಎಂದಳು ಹುಲಿಗೆವ್ವ.

ಮಾನಪ್ಪ ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹೊಸ ಡಾಕ್ಟರಿಗೆ ಫೋನು ಹಚ್ಚಿದ. ಚುಚ್ಚುಮದ್ದು ಕೊಟ್ಟು ಮಲಗಿಸಬಹುದು ಎಂದರು ಡಾಕ್ಟರು. "ಮಲಗಿಸಿದ ಮ್ಯಾಲ ಹೊತ್ಕೊಂಡ ಇಳಿಯವರು ಯಾರ್ರಿ?" ಎಂದ ಮಾನಪ್ಪ. "ಒಂದ ಫೋಟೋ ಕಳಸ್ರಿ," ಎಂದರು ಡಾಕ್ಟರು. ಕಳಿಸಿದ. ಆಮೇಲೆ ಎಷ್ಟು ಸಲ ಫೋನು ಮಾಡಿದರೂ ಆ ಕಡೆಯಿಂದ ನಗುವ ಸಪ್ಪಳ ಬಿಟ್ಟು ಬೇರೆ ಉತ್ತರ ಬರಲಿಲ್ಲ.

ಚಂದ್ರಿ ಮೂರು ದಿನ ಮಾಳಿಗೆಯ ಮೇಲೆ ಇದ್ದಳು.

ಬಿಸಿಲಿಗೆ ಅವಳ ಮೈ ಸುಡಬಾರದೆಂದು ಶೆಟ್ಟೆವ್ವ ಗಂಡನಿಂದ ನಾಲ್ಕು ಬಿದಿರು ನೆಡಿಸಿ ತಾಡಪಲ್ಲು ಕಟ್ಟಿಸಿದಳು. ತಾಸಿಗೊಮ್ಮೆ ಎಮ್ಮೆಯ ಮೈಮೇಲೆ ಪೈಪಿನಿಂದ ನೀರು ಬಿಡಿಸಿದಳು. ಕರುವನ್ನು ಇಬ್ಬರು ಹೊತ್ತು ಮೇಲಕ್ಕೆ ತಂದು ಹಾಲು ಕುಡಿಸುವರು, ಶೆಟ್ಟೆವ್ವ ಹಿಂಡುವಳು, ಮತ್ತೆ ಕರುವನ್ನು ಹೊತ್ತು ಇಳಿಸುವರು. ಕೆಳಗೆ ಹಾಲ್‌ನಲ್ಲಿ ಒಬ್ಬನೇ ಕೂತ ಮಾನಪ್ಪನ ತಲೆಯ ಮೇಲೆ ದಿನವಿಡೀ ಎಮ್ಮೆಯ ಗೊರಸಿನ ಸಪ್ಪಳ. ಎರಡನೇ ದಿನ ಸೀಲಿಂಗಿನ ನಡುಮಧ್ಯದಲ್ಲಿ ಹಳದಿ ಬಣ್ಣದ ಒಂದು ಕಲೆ ಮೂಡಿತು. ಅದೇನೆಂದು ಅವನು ಯಾರನ್ನೂ ಕೇಳಲಿಲ್ಲ. ಕುರ್ಚಿ ಮಾತ್ರ ಆ ಕಡೆಯಿಂದ ಈ ಕಡೆಗೆ ಸರಿಸಿಕೊಂಡ.

ಆದರೆ ಮೂರನೇ ದಿನ ಮಧ್ಯಾಹ್ನ ಅವನಿಗೆ ಇನ್ನೊಂದು ವಿಷಯ ಗೊತ್ತಾಯಿತು. ಬೆವರು ಬಂದಿರಲಿಲ್ಲ. ಥರ್ಮಾಮೀಟರ್ ಝಾಡಿಸಿ ಗೋಡೆಗೆ ಸಿಕ್ಕಿಸಿದ. ತೊಂಬತ್ತೊಂಬತ್ತು. ನಂಬದೆ ಮತ್ತೊಮ್ಮೆ ಝಾಡಿಸಿ ನೋಡಿದ. ಮತ್ತೆ ಅಷ್ಟೇ. ಮೇಲೆ ಓಡಿ ಹೋಗಿ ನೋಡಿದರೆ ನೀರು, ಕಣಿಕೆ, ಸಗಣಿ ಮೂರನ್ನೂ ಚಂದ್ರಿ ತುಳಿದು ತುಳಿದು ಗಟ್ಟಿ ಚಾಪೆಯಂತೆ ಮಾಡಿಟ್ಟಿದ್ದಳು. ಮೇಲೆ ತಾಡಪಲ್ಲಿನ ನೆರಳು ಬೇರೆ.

ಮಾನಪ್ಪ ಹಿತ್ತಲಿಗೆ ಬಂದು ಹೆಂಡತಿಯ ಮುಂದೆ ಮೆತ್ತಗೆ ಮಾತು ತೆಗೆದ.

"ಏನಂತೇನಿ ಅಂದ್ರ, ಮನಿ ಜ್ವರ ಇಳದೈತಿ. ಚಂದ್ರಿಗೂ ಮ್ಯಾಲ ಹವಾ ಸೇರೇತಿ ಅನಸ್ತೈತಿ. ಮಳಿಗಾಲದ ತನಕ ಅಲ್ಲೇ ಇರ್ಲಿ ಬಿಡ."

ಶೆಟ್ಟೆವ್ವ ಕೈಯಲ್ಲಿದ್ದ ಶ್ಯಾವಿಗೆ ಕೆಳಗಿಟ್ಟಳು.

"ಹಂಗಾರ ನೀವೂ ಮ್ಯಾಲ ಹೋಗಿ ನಿಂದರ್ರಿ. ಇಬ್ಬರಿಗೂ ಅಲ್ಲೇ ನೀರ ಹಾಕ್ತೇನಿ."

ಮಾನಪ್ಪ ಶಾನವಾಜನಿಗೆ ಫೋನು ಹಚ್ಚಿದ.

ಶಾನವಾಜ ಇಂಡಿಯಿಂದ ಬೈಕಿನಲ್ಲಿ ಬಂದು, ಮಾಳಿಗೆಯ ಮೇಲಿನ ಎಮ್ಮೆಯನ್ನು ನೋಡಿ, ನಗುವುದಕ್ಕೆ ಬೇಕಾದಷ್ಟು ಹೊತ್ತು ತೆಗೆದುಕೊಂಡ. ಆಮೇಲೆ ಕಣ್ಣು ಒರೆಸಿಕೊಂಡು ಪಾವಟಿಗೆಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ.

"ಎಮ್ಮಿದ ಏನೂ ತಪ್ಪಿಲ್ಲ ಸಾಹೇಬ್ರ. ಇಳಿಯೋಮುಂದ ಪಾವಟಿಗಿ ಅಂಚ ಕಂಡ ಹೆದರತೈತಿ. ಅಂಚ ಕಾಣದಂಗ ಮಾಡಿದ್ರ ಮುಗೀತು. ಮಣ್ಣ ಹಾಕಿ ಇಳಿಜಾರ ಮಾಡೂಣ. ಎರಡ ಟ್ರ್ಯಾಲಿ ಮಣ್ಣ ಬೇಕು."

ಮಣ್ಣು ದೂರದಿಂದ ತರಬೇಕಾಗಿರಲಿಲ್ಲ. ಹಳೇ ಮನೆಯ ಮಾಳಿಗೆ ಕೆಡವಿದಾಗಿನ ಬಿಳಿ ಮಣ್ಣು ಹಿತ್ತಲಿನ ಬೇಲಿಗೆ ಗುಡ್ಡೆಯಾಗಿ ಬಿದ್ದಿತ್ತು. ಎರಡೂ ಪಕ್ಕಕ್ಕೆ ಚೀಲ ಪೇರಿಸಿ, ನಡುವೆ ಆ ಮಣ್ಣು ಸುರಿದು, ನೀರು ಹೊಡೆದು, ಬಡಿದು ಗಟ್ಟಿ ಮಾಡಿ, ಮೇಲೆ ಕಣಿಕೆ ಹರಡಿದರು. ಊರು ಮತ್ತೆ ನೆರೆಯಿತು. ಯಾರೂ ಗದ್ದಲ ಮಾಡಬಾರದೆಂದು ಮಾನಪ್ಪ ಎಲ್ಲರಿಗೂ ಗದ್ದಲ ಮಾಡಿ ಹೇಳಿದ. ಶೆಟ್ಟೆವ್ವ ಕೆಳಗೆ ಬಕೆಟ್ಟು ಹಿಡಿದು ನಿಂತು, ದಿನಾ ಹಿಂಡುವಾಗ ಕರೆಯುವ ದನಿಯಲ್ಲಿ, "ಬಾ ನನ್ನವ್ವ, ಬಾ," ಎಂದಳು.

ಚಂದ್ರಿ ಇಣುಕಿ ನೋಡಿದಳು. ಒಂದು ಕಾಲು ಇಟ್ಟು ಮಣ್ಣನ್ನು ಪರೀಕ್ಷಿಸಿದಳು. ಆಮೇಲೆ ಲಗ್ನದ ಮನೆಯಿಂದ ಊಟ ಮುಗಿಸಿ ಹೊರಟ ದೊಡ್ಡ ಮನುಷ್ಯರ ಹಾಗೆ, ಅತ್ತಿತ್ತ ನೋಡದೆ, ನಿಧಾನವಾಗಿ ಇಳಿದು ಬಂದಳು. ಜನ ಚಪ್ಪಾಳೆ ತಟ್ಟಿದರು. ಹುಲಿಗೆವ್ವ ಓಡಿ ಹೋಗಿ ಬಾಗಿಲಲ್ಲಿದ್ದ ಕೊಡ ತಂದು ಎಮ್ಮೆಯ ಕಾಲಿಗೆ ನೀರು ಹಾಕಿದಳು.

ಈಗ ಪಾವಟಿಗೆಯ ಮೇಲಿನ ಮಣ್ಣನ್ನು ತೆಗೆಯಬೇಕಿತ್ತು. ಮಾನಪ್ಪ ಸಲಿಕೆ ಎತ್ತಿದ. ಶಾನವಾಜ ಮಾತ್ರ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಬೆರಳುಗಳ ನಡುವೆ ಉಜ್ಜುತ್ತಿದ್ದ.

"ಎಲ್ಲಿಗೆ ಚೆಲ್ತೀರಿ ಇದನ್ನ?"

"ಬೇಲಿಗೆ."

"ಸಾಹೇಬ್ರ, ಕೊಟ್ಟಿಗಿ ಮ್ಯಾಲ ಇರೂದು ಇದ ಮಣ್ಣ. ಅಕ್ಕಾರು ಅಲ್ಲಿ ತಂಪ ಐತಿ ಅಂತ ಕುಂತಾರ. ನಿಮ್ಮ ಅಜ್ಜಾರು ಮ್ಯಾಲ ಹಾಕಿದ್ರು, ನೀವು ಕೆಳಗ ಕೆಡವಿದ್ರಿ. ಅರ್ಧ ದಾರಿ ಹೆಂಗೂ ಹತ್ತೈತಿ, ಇನ್ನರ್ಧ ಹತ್ತಸೂಣ."

"ಮನಿ ಕಟ್ಟೋಮುಂದ ನೀನ ಹೇಳಿದ್ದಿ, ಈಗಿನ ಕಾಲದಾಗ ಮಣ್ಣ ಯಾರ ಹಾಕ್ತಾರ ಅಂತ!"

"ಹೇಳಿದ್ದೆ. ಆಮ್ಯಾಲ ಸಿಂದಗ್ಯಾಗ ಒಬ್ಬ ಮಾಸ್ತರ ಮನಿಗೆ ಗಡಗಿ ಹಾಕಿ ಮಾಡಿದ್ವಿ. ಬುದ್ಧಿ ಬಂತು," ಎಂದು ಶಾನವಾಜ ನಾಚಿಕೆಯಿಲ್ಲದೆ ಒಪ್ಪಿಕೊಂಡ. "ಸಣ್ಣ ಸಣ್ಣ ಗಡಗಿ ತಂದು ಬಾಯಿ ಕೆಳಗ ಮಾಡಿ ಸಾಲಾಗಿ ಇಡೂದು. ಒಳಗ ಗಾಳಿ ಸಿಕ್ಕೊಂಡ ಕುಂದರ್ತೈತಿ. ಸಿಕ್ಕೊಂಡ ಗಾಳಿ ಬಿಸಿಲಿನ ಕಾವ ಕೆಳಗ ಬಿಡೂದಿಲ್ಲ. ಸಂದಿನ್ಯಾಗ ಈ ಮಣ್ಣ, ಮ್ಯಾಲ ಸುಣ್ಣದ ಗಚ್ಚು. ಆದ್ರ ಸ್ಲ್ಯಾಬಿಗೆ ಎಷ್ಟ ಕಬ್ಬಿಣ ಹಾಕೀನಿ ಅನ್ನೂದು ನನಗ ಗೊತ್ತೈತಿ. ನಾ ಹೇಳಿದ್ದಕ್ಕಿಂತ ಒಂದ ಬುಟ್ಟಿ ಹೆಚ್ಚ ಹಾಕಾಕ ಬಿಡೂದಿಲ್ಲ."

ಎರಡು ದಿನಕ್ಕೆ ಇಂಡಿಯಿಂದ ಟೆಂಪೋ ತುಂಬ ಗಡಿಗೆಗಳು ಬಂದವು. ಆರು ನೂರು. ಅಷ್ಟು ಗಡಿಗೆ ಒಮ್ಮೆಲೇ ಕಂಡು ಓಣಿಯವರು ಗಾಬರಿಯಾದರು. ಯಾರದೋ ಮದುವೆ ಎಂದರು ಕೆಲವರು, ಅಂಗಡಿ ಇಡುತ್ತಾರೆ ಎಂದರು ಕೆಲವರು. "ಎಮ್ಮಿ ಮ್ಯಾಲಿಂದ ಇಳದ ಮ್ಯಾಲ ಅಷ್ಟ ಹಾಲ ಕೊಡಾಕತ್ತಾಳೇನೋ ಮಾನಪ್ಪಣ್ಣ?" ಎಂದ ಬಸಂತರಾಯ. ಹುಲಿಗೆವ್ವ ಒಂದನ್ನು ಬೆರಳಿನಿಂದ ಬಾರಿಸಿ ನೋಡಿ, ಮೊಸರಿಗೆ ಚೆನ್ನಾಗಿದೆ ಎಂದು ಎತ್ತಿಕೊಂಡು ಹೋದಳು. ಸಂಜೆಯೊಳಗೆ ಓಣಿಯ ಎಲ್ಲರ ಮನೆಯಲ್ಲೂ ಒಂದೊಂದು ಹೊಸ ಗಡಿಗೆಯಲ್ಲಿ ಮೊಸರು ಹೆಪ್ಪಾಗುತ್ತಿತ್ತು.

ಶಾನವಾಜ ಮೊದಲು ಚಂದ್ರಿಯ ಚಾಪೆಯನ್ನು ಕೆರೆದು ತೆಗೆಸಿ, ಸ್ಲ್ಯಾಬು ತೊಳೆಸಿ, ನೀರು ಇಳಿಯದಂತೆ ಎರಡು ಸಲ ಲೇಪ ಹಚ್ಚಿದ. ಆ ಹಳದಿ ಕಲೆ ಎಲ್ಲಿಂದ ಇಳಿದಿತ್ತೋ ಆ ಬಿರುಕನ್ನು ಹುಡುಕಿ ಮುಚ್ಚಿದ. "ಎಮ್ಮಿ ಹತ್ತಿದ್ದು ಚಲೋ ಆತು ನೋಡ್ರಿ, ಇಲ್ಲಂದ್ರ ಮಳಿಗಾಲದಾಗ ಗೊತ್ತಾಗತಿತ್ತು," ಎಂದ. ಆಮೇಲೆ ಗಡಿಗೆ ಬೋರಲು ಹಾಕುವುದು, ಸಂದಿಗೆ ಮಣ್ಣು ತುಂಬುವುದು, ಮಳೆಯ ನೀರು ಹರಿದು ಹೋಗಲು ಇಳಿವು ಕೊಡುವುದು, ಸುಣ್ಣದ ಗಚ್ಚು ಬಡಿಯುವುದು. ಮಾನಪ್ಪ ದಿನವಿಡೀ ಮೇಲೆಯೇ ಇದ್ದ. ಪಡುವಣ ಕಿಟಕಿಗೆ ಕಣಿಕೆಯ ತಟ್ಟಿ ಕಟ್ಟುವ ಕೆಲಸವನ್ನು ಮಾತ್ರ ತಾನೇ ಮಾಡಿದ. ಕೊನೆಗೆ ಮಾಳಿಗೆಗೆಲ್ಲ ಬೆಳ್ಳಗೆ ಸುಣ್ಣ ಬಳಿದು, ಪಾವಟಿಗೆಯ ಬುಡಕ್ಕೆ ಒಂದು ಕಬ್ಬಿಣದ ಗೇಟು ಕೂರಿಸಿದರು.

ಮೇ ಇಪ್ಪತ್ತೆರಡನೇ ತಾರೀಖು, ಮಧ್ಯಾಹ್ನ ಎರಡು ಗಂಟೆ. ಹೊರಗೆ ನಾಯಿಗಳು ಚರಂಡಿಯಿಂದ ಏಳುತ್ತಿರಲಿಲ್ಲ. ಮಾನಪ್ಪ ಥರ್ಮಾಮೀಟರ್ ಝಾಡಿಸಿ ಗೋಡೆಗೆ ಸಿಕ್ಕಿಸಿ ಐದು ನಿಮಿಷ ಕಾದ. ಹತ್ತು ನಿಮಿಷ ಕಾದ. ಪಾದರಸ ಬುಡ ಬಿಟ್ಟು ಏಳಲಿಲ್ಲ. ಆ ಥರ್ಮಾಮೀಟರಿನ ಲೆಕ್ಕ ಶುರುವಾಗುವುದೇ ತೊಂಬತ್ನಾಲ್ಕರಿಂದ. ದನವಾಗಿದ್ದರೆ ಸತ್ತಿದೆ ಎಂದು ಬರೆಯಬೇಕಾದ ಜಾಗ ಅದು.

ಅವನು ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತ. ಥರ್ಮಾಮೀಟರ್ ಇನ್ನೂ ಕೈಯಲ್ಲೇ ಇತ್ತು.

"ಏನ್ರಿ?" ಎಂದಳು ಶೆಟ್ಟೆವ್ವ.

"ಏನಿಲ್ಲ. ಮನಿ ಸತ್ತೈತಿ," ಎಂದುಬಿಟ್ಟ.

ಶೆಟ್ಟೆವ್ವ ಹೌಹಾರಿ ಎದ್ದು ಒಳಗೆ ಓಡಿ ಬಂದಳು. ಬಾಗಿಲು ದಾಟಿದವಳು ಅಲ್ಲೇ ನಿಂತಳು. ಮೇಲೆ ನೋಡಿದಳು. ಗೋಡೆ ಮುಟ್ಟಿದಳು. ಬರಿ ನೆಲದ ಮೇಲೆ ಸೆರಗು ಹಾಸಿ ಅಡ್ಡಾದಳು. ಮಾನಪ್ಪ ಫ್ಯಾನು ಹಚ್ಚಿ ಬಾಗಿಲ ಹತ್ತಿರ ಕೂತ. ಕಾಲು ತಾಸಿನ ಮೇಲೆ ಶೆಟ್ಟೆವ್ವ ಕಣ್ಣು ಮುಚ್ಚಿಕೊಂಡೇ ಅಂದಳು:

"ಫ್ಯಾನ್ ಆರಿಸ್ರಿ. ಕಾಲ ತಣ್ಣಗ ಆಗಾಕತ್ತಾವ."

ಮಾನಪ್ಪ ಫ್ಯಾನು ಆರಿಸಿದ. ಟ್ರಂಕಿನಿಂದ ಕೌದಿ ತೆಗೆದು ಮೇ ತಿಂಗಳಿನ ನಡುಮಧ್ಯಾಹ್ನ ಹೆಂಡತಿಯ ಕಾಲಿಗೆ ಹೊದಿಸಿದ. ತಾನೂ ಒಂದು ಮೂಲೆಯಲ್ಲಿ ಮಲಗಿದ. ಗೊರಕೆ ಹೊಡೆಯಬಾರದೆಂದು ಸಂಜೆಯವರೆಗೆ ನಿದ್ದೆಯನ್ನೇ ಮಾಡಲಿಲ್ಲ.

ಸುದ್ದಿ ಹಬ್ಬಿತು. ಕರೆಂಟು ಹೋದ ದಿನ ಎ.ಸಿ. ಬಂದ್ ಆಗಿ ಬಸಂತರಾಯ ಮಫ್ಲರ್ ಇಲ್ಲದೆ ಬಂದು, "ಸುಮ್ನ ಮಾತಾಡಿ ಹೋಗೂಣು ಅಂತ," ಎಂದು ನಾಲ್ಕು ತಾಸು ಮಲಗಿದ. ವಾರದ ಮೇಲೆ ಮುದ್ದೇಬಿಹಾಳದಿಂದ ಶೆಟ್ಟೆವ್ವನ ತಮ್ಮ ಸಿದ್ದಾರೂಢ ಹೆಂಡತಿಯ ಸಮೇತ ಬಂದ. ಎರಡು ದಿನಕ್ಕೆಂದು ಬಂದವರು. ಮೊದಲ ದಿನ ಸೀಲಿಂಗು ನೋಡಿ ಹೊಗಳಿದರು. ಎರಡನೇ ದಿನ ತಮ್ಮ ತಗಡಿನ ಪತ್ರಾಸಿನ ಮನೆಯ ಕಷ್ಟ ಹೇಳಿಕೊಂಡರು. ಆಮೇಲೆ ಮಾತೇ ಕಡಿಮೆಯಾಯಿತು, ನಿದ್ದೆ ಹೆಚ್ಚಾಯಿತು. ಒಂಬತ್ತನೇ ದಿನ ಶೆಟ್ಟೆವ್ವ ಗಂಡನನ್ನು ಅಡಿಗೆ ಮನೆಗೆ ಕರೆದು ಪಿಸುಗುಟ್ಟಿದಳು.

"ಇವರನ್ನ ಹ್ಯಾಂಗ ಕಳಸೂದ್ರಿ?"

"ಬಸ್ಸಿನ ಟೈಮ್ ಹೇಳಿ ನೋಡ."

"ನಿನ್ನೆ ಹೇಳೀನಿ. ಬಸ್ಸಿನ್ಯಾಗ ಸೆಕಿ ಭಾಳ ಅಂದ."

ಅಷ್ಟರಲ್ಲಿ ಹಾಲ್‌ನಿಂದ ಸಿದ್ದಾರೂಢನ ದನಿ ಬಂತು. "ಮಾವಾರ, ಆ ಗೌಂಡಿ ನಂಬರ್ ಕೊಡ್ರಿ. ನನ್ನ ಮನಿಗೂ ಏನರ ಮಾಡಸ್ತೇನಿ. ಅಂವನ್ನ ಕರ್ಕೊಂಡ ಹೋಗತೇನಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮಾನಪ್ಪ ತಡ ಮಾಡದೆ ತಾನೇ ಶಾನವಾಜನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ.

"ಭಾಳ ಗಡಿಬಿಡಿ ಐತ್ರಿ ಸಾಹೇಬ್ರ," ಎಂದ ಶಾನವಾಜ. "ಬಸವನ ಬಾಗೇವಾಡ್ಯಾಗ ಅದೇನಿ. ಇಲ್ಲಿ ಐದ ಮನಿ ಹಿಡದೇನಿ. ಮುದ್ದೇಬಿಹಾಳಕ್ಕ ಬರೂದು ಅಂದ್ರ ಮಳಿಗಾಲ ಮುಗದ ಮ್ಯಾಲ, ದಸರಾ ಸುಮಾರ."

"ನಡೀತೈತಿ, ಅವಸರ ಏನಿಲ್ಲ," ಎಂದು ಸಿದ್ದಾರೂಢ ಮಲಗಿದ್ದಲ್ಲಿಂದಲೇ ಕೂಗಿ ಹೇಳಿದ. "ಅಲ್ಲೀತನಾ ನಾವು ಇಲ್ಲೇ ಇರ್ತೇವಿ."

ಕೌದಿ ಮೇಲೆಳೆದುಕೊಂಡು ಅವನು ಗೋಡೆಯ ಕಡೆ ಹೊರಳಿದ. ಶೆಟ್ಟೆವ್ವ ಒಳಗೆ ಹೋಗಿ ರೊಟ್ಟಿಗೆ ಇನ್ನೆರಡು ಬೊಗಸೆ ಹಿಟ್ಟು ತೆಗೆದಳು.